ನಕಲಿನ ಆರೋಪ, ಒಂದು ಕಣ್ಣಿನ ಪತ್ರಿಕೆಗಳು: ಸೊಲ್ಲಾಪುರದ ನಂಟಿನ ಬಾಬಾಸಾಹೇಬರು

ಸೊಲ್ಲಾಪುರ ಜಿಲ್ಲೆಗೂ ಡಾ. ಬಾಬಾಸಾಹೇಬ ಅಂಬೇಡ್ಕರ್ ಅವರಿಗೂ ಇರುವ ನಂಟು ಹಳೆಯದು. 1924ರ ಮೇ ತಿಂಗಳಲ್ಲಿ ಬಾರ್ಶಿಯಲ್ಲಿ ಮುಂಬಯಿ ಪ್ರಾಂತದ ದಲಿತ ವರ್ಗಗಳ ಪರಿಷತ್ತು ನಡೆದಾಗ ಅವರು ಅಲ್ಲಿ ಮಾತನಾಡಿದರು. ಅದೇ ವರ್ಷ ಜುಲೈನಲ್ಲಿ ಮುಂಬಯಿಯಲ್ಲಿ ಬಹಿಷ್ಕೃತ ಹಿತಕಾರಿಣಿ ಸಭೆ ಹುಟ್ಟಿತು. ಮುಂದಿನ ಜನವರಿಯಲ್ಲಿ, ಅಂದರೆ 1925ರಲ್ಲಿ, ಸಭೆಯವರು ಹೈಸ್ಕೂಲು ಓದುವ ದಲಿತ ಹುಡುಗರಿಗಾಗಿ ಸೊಲ್ಲಾಪುರದಲ್ಲಿ ಒಂದು ವಸತಿಗೃಹ ತೆರೆದರು. ಅದರ ಉಸ್ತುವಾರಿ ನೋಡಿಕೊಂಡವರು ಜೀವಪ್ಪ ಐದಾಳೆ. ನಗರಸಭೆಯೂ ಅನುದಾನ ಕೊಟ್ಟು ಕೈ ಜೋಡಿಸಿತು.

ಆ ವಸತಿಗೃಹದ ಹುಡುಗರು ಒಂದು ಮಾಸಪತ್ರಿಕೆಯನ್ನೂ ಹೊರತಂದರು. ಹೆಸರು ‘ಸರಸ್ವತಿ ವಿಲಾಸ’. ಊಟ, ಬಟ್ಟೆ, ಪುಸ್ತಕಕ್ಕೆ ಸಭೆಯ ಕಡೆ ನೋಡುವ ಹುಡುಗರಿಗೆ ಪತ್ರಿಕೆಯ ಉಸಾಬರಿ ಏಕೆ ಬೇಕಿತ್ತು ಎಂದು ಈಗಿನವರಿಗೆ ಅನಿಸಬಹುದು. ಇದಕ್ಕೆ ಉತ್ತರ ಐದು ವರ್ಷ ಹಿಂದಿನ ಒಂದು ಜಾಹೀರಾತಿನಲ್ಲಿದೆ.

ದುಡ್ಡು ಕೊಟ್ಟರೂ ಛಾಪಿಸದ ಜಾಹೀರಾತು

ಭೀಮರಾವ ಅಂಬೇಡ್ಕರ್ ಹುಟ್ಟಿದ್ದು 1891ರ ಏಪ್ರಿಲ್ 14ರಂದು ಮಧ್ಯ ಭಾರತದ ಮಹೂ ದಂಡಿನಲ್ಲಿ. ತಂದೆ ರಾಮಜಿ ಸಕ್ಪಾಳ ಸೈನ್ಯದಲ್ಲಿ ಸುಭೇದಾರರು. ಮೂಲ ಊರು ಕೊಂಕಣದ ಅಂಬಾವಡೆ. ಸಾತಾರಾದ ಶಾಲೆಯಲ್ಲಿ ಹುಡುಗ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆ ಕೂಡಬೇಕಿತ್ತು. ನೀರಡಿಸಿದರೆ ಜವಾನ ಬಂದು ನಳ ತಿರುವಬೇಕಿತ್ತು, ಜವಾನ ಇಲ್ಲದ ದಿನ ನೀರಿಲ್ಲ. ಬಡೋದೆಯ ಮಹಾರಾಜ ಸಯಾಜಿರಾವ ಗಾಯಕವಾಡರ ನೆರವಿನಿಂದ 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿಂದ ಲಂಡನ್. ಹಣ ಮುಗಿದು ನಡುವೆಯೇ ಮರಳಿ ಬಂದು 1918ರಲ್ಲಿ ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು.

1920ರ ಜನವರಿ 31ರಂದು ‘ಮೂಕನಾಯಕ’ ಎಂಬ ಮರಾಠಿ ಪಾಕ್ಷಿಕ ಹೊರಬಂತು. ಕೊಲ್ಲಾಪುರದ ಶಾಹೂ ಮಹಾರಾಜರು 2,500 ರೂಪಾಯಿ ಕೊಟ್ಟಿದ್ದರು. ಅಂಬೇಡ್ಕರ್ ಸರಕಾರಿ ಕಾಲೇಜಿನ ನೌಕರಿಯಲ್ಲಿದ್ದ ಕಾರಣ ಸಂಪಾದಕರ ಸ್ಥಾನದಲ್ಲಿ ಪಾಂಡುರಂಗ ನಂದರಾಮ ಭಟಕರ ಅವರ ಹೆಸರಿತ್ತು. ಮುಂಬಯಿ ಇಲಾಖೆಯ ಪತ್ರಿಕೆಗಳು ತಮ್ಮ ತಮ್ಮ ಜಾತಿಯ ಹಿತ ನೋಡುತ್ತವೆ, ಉಳಿದವರ ಗೋಡವೆ ಅವಕ್ಕಿಲ್ಲ, ಆದರೆ ಒಂದೇ ಹಡಗಿನಲ್ಲಿ ಕುಳಿತವರು ಇನ್ನೊಬ್ಬನಿಗೆ ಕೇಡು ಮಾಡಲು ಹಡಗಿಗೆ ತೂತು ಹಾಕಿದರೆ ತಾವೂ ಮುಳುಗುತ್ತಾರೆ ಎಂಬ ಅರ್ಥದ ಮಾತು ಮೊದಲ ಸಂಚಿಕೆಯಲ್ಲೇ ಇತ್ತು.

ಹೊಸ ಪತ್ರಿಕೆ ಬರುತ್ತಿದೆ ಎಂದು ಜನರಿಗೆ ಗೊತ್ತಾಗಬೇಕಲ್ಲ. ಅದಕ್ಕಾಗಿ ಪುಣೆಯ ‘ಕೇಸರಿ’ಗೆ ಜಾಹೀರಾತು ಕಳಿಸಲಾಯಿತು. ಪುಕ್ಕಟೆ ಅಲ್ಲ, ದರದ ಪ್ರಕಾರ ಹಣ ಕೊಡುವುದಾಗಿಯೇ ಹೇಳಲಾಗಿತ್ತು. ‘ಕೇಸರಿ’ ಒಲ್ಲೆ ಎಂದಿತು. ಲೋಕಮಾನ್ಯ ತಿಳಕರು ಇನ್ನೂ ಬದುಕಿದ್ದ ಕಾಲ ಅದು. ಈ ಸಂಗತಿಯನ್ನು ಅಂಬೇಡ್ಕರ್ ಮುಂದೆ ತಮ್ಮ ‘ಬಹಿಷ್ಕೃತ ಭಾರತ’ದಲ್ಲಿ ಬರೆದರು, ಮರೆಯಲಿಲ್ಲ.

ಇಲ್ಲಿ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ‘ಕೇಸರಿ’ ಪುಕ್ಕಲು ಪತ್ರಿಕೆ ಆಗಿರಲಿಲ್ಲ. ಅದರಲ್ಲಿ ಬರೆದ ಲೇಖನಗಳಿಗಾಗಿಯೇ ತಿಳಕರು 1908ರಲ್ಲಿ ಆರು ವರ್ಷದ ಶಿಕ್ಷೆಗೆ ಗುರಿಯಾಗಿ ಮಂಡಾಲೆಯ ಜೈಲಿಗೆ ಹೋದವರು. ಬ್ರಿಟಿಷರ ಎದುರು ಎದೆ ಕೊಟ್ಟು ನಿಂತ ಪತ್ರಿಕೆಗೆ ಅಸ್ಪೃಶ್ಯರ ಪಾಕ್ಷಿಕದ ನಾಲ್ಕು ಸಾಲಿನ ಜಾಹೀರಾತು ಭಾರವಾಯಿತು. ಧೈರ್ಯ ಇದ್ದಲ್ಲಿ ನ್ಯಾಯವೂ ಇರುತ್ತದೆ ಎಂದು ತಿಳಿಯುವವರಿಗೆ ಇದು ಸ್ವಲ್ಪ ಕಷ್ಟದ ಸಂಗತಿ.

ಅದೇ ವರ್ಷ ಓದು ಮುಗಿಸಲು ಅವರು ಮತ್ತೆ ಲಂಡನ್‌ಗೆ ಹೋದರು. ‘ಮೂಕನಾಯಕ’ 1923ರಲ್ಲಿ ನಿಂತಿತು. 1927ರ ಏಪ್ರಿಲ್ 3ರಂದು, ಮಹಾಡದ ಚವದಾರ ಕೆರೆಯ ಸತ್ಯಾಗ್ರಹ ನಡೆದು ಎರಡೇ ವಾರಕ್ಕೆ, ‘ಬಹಿಷ್ಕೃತ ಭಾರತ’ ಬಂತು. ಕೆರೆಯ ನೀರು ಮುಟ್ಟಿದವರನ್ನು ಹೊಡೆದದ್ದು ಸರಿಯೋ ತಪ್ಪೋ ಎಂದು ಉಳಿದ ಪತ್ರಿಕೆಗಳು ವಾದ ಮಾಡುತ್ತಿದ್ದಾಗ ಉತ್ತರ ಕೊಡಲು ಸ್ವಂತದ ಒಂದು ಹಾಳೆ ಬೇಕಾಗಿತ್ತು. ಬರೆಯುವವರು ಸಿಗದೆ 24 ಕಾಲಂಗಳನ್ನು ಒಬ್ಬರೇ ತುಂಬಿಸಿದ್ದೂ ಉಂಟು. ಅದೂ ಸಾಲದಲ್ಲಿ ಮುಳುಗಿ 1929ರಲ್ಲಿ ನಿಂತಿತು. ನಡುವೆ ‘ಸಮತಾ’, ಆಮೇಲೆ 1930ರ ನವೆಂಬರ್‌ನಲ್ಲಿ ‘ಜನತಾ’. ಇವೆಲ್ಲ ತಮ್ಮ ಜನರ ಪರ ವಕೀಲಿ ಮಾಡಿದ ಪತ್ರಿಕೆಗಳೇ. ವ್ಯತ್ಯಾಸ ಒಂದೇ: ಯಾರ ಪರ ಎಂಬುದನ್ನು ಅವು ಹೆಸರಿನಲ್ಲೇ ಹೇಳಿಕೊಂಡಿದ್ದವು.

ಸೊಲ್ಲಾಪುರ ಉರಿದ ವರ್ಷ

1930 ಸೊಲ್ಲಾಪುರದವರು ಮರೆಯದ ವರ್ಷ. ಗಾಂಧೀಜಿಯವರ ಬಂಧನದ ನಂತರ ಮೇ ತಿಂಗಳಲ್ಲಿ ಗಿರಣಿ ಕಾರ್ಮಿಕರು ಬೀದಿಗಿಳಿದರು, ಗೋಲಿಬಾರ್ ಆಯಿತು, ಪೊಲೀಸ್ ಚೌಕಿಗೆ ಬೆಂಕಿ ಬಿತ್ತು, ಊರಿಗೆ ಮಾರ್ಷಲ್ ಲಾ ಬಂತು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಈ ನಾಲ್ವರನ್ನು 1931ರ ಜನವರಿ 12ರಂದು ಯೆರವಡಾ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಅವರಲ್ಲಿ ಕುರ್ಬಾನ್ ಹುಸೇನ್ ಸ್ವತಃ ಪತ್ರಿಕೆ ನಡೆಸಿದವರು.

ಅದೇ ಹೊತ್ತಿಗೆ ಅಂಬೇಡ್ಕರ್ ಲಂಡನ್ನಿನ ದುಂಡು ಮೇಜಿನ ಪರಿಷತ್ತಿನಲ್ಲಿದ್ದರು. ಕಾಂಗ್ರೆಸ್ ಬಹಿಷ್ಕರಿಸಿದ ಪರಿಷತ್ತು ಅದು. ಒಂದು ಕಡೆ ಸೊಲ್ಲಾಪುರದ ಮನೆಗಳಲ್ಲಿ ಸೂತಕ, ಇನ್ನೊಂದು ಕಡೆ ಬ್ರಿಟಿಷರ ಮೇಜಿಗೆ ಕುಳಿತ ನಾಯಕ. ರಾಷ್ಟ್ರೀಯ ಪತ್ರಿಕೆಗಳು ಅವರನ್ನು ಸರಕಾರದ ಮನುಷ್ಯ, ದೇಶದ್ರೋಹಿ ಎಂದು ಕರೆದವು. ಜನರಿಗೆ ಅದು ನಿಜ ಅನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಅವರು ಅಲ್ಲಿ ಏನು ಹೇಳಿದರು? ಬ್ರಿಟಿಷರು ಬರುವ ಮೊದಲು ಅಸ್ಪೃಶ್ಯರಿಗೆ ಊರ ಬಾವಿಯಲ್ಲಿ ನೀರಿರಲಿಲ್ಲ, ಗುಡಿಯಲ್ಲಿ ಪ್ರವೇಶ ಇರಲಿಲ್ಲ, ನೂರೈವತ್ತು ವರ್ಷ ಆಳಿದ ಮೇಲೂ ಇಲ್ಲ. ಇಂಥ ಸರಕಾರದಿಂದ ಪ್ರಯೋಜನವೇನು, ಜನರಿಂದ ಜನರಿಗಾಗಿ ನಡೆಯುವ ಸರಕಾರ ಬೇಕು ಎಂದು ಇಂಗ್ಲಿಷರ ಮುಖಕ್ಕೇ ಹೇಳಿದ್ದರು. ಪತ್ರಿಕೆಗಳು ಹಚ್ಚಿದ ಹಣೆಪಟ್ಟಿ ಉಳಿಯಿತು, ಈ ಭಾಷಣ ಬಹಳ ಜನರಿಗೆ ತಲುಪಲಿಲ್ಲ.

1932ರ ಪುಣೆ ಒಪ್ಪಂದದ ದಿನಗಳಲ್ಲಿ ಗಾಂಧೀಜಿಯವರ ಪ್ರಾಣ ಇವರ ಕೈಯಲ್ಲಿದೆ ಎಂಬಂತೆ ಬರೆದಾಗ ಒತ್ತಡ ಇನ್ನೂ ಹೆಚ್ಚಿತು. ಆ ಕಥೆ ಎಲ್ಲರಿಗೂ ಗೊತ್ತಿರುವುದೇ.

1937ರ ಚುನಾವಣೆಯಲ್ಲಿ ಅವರ ಸ್ವತಂತ್ರ ಮಜೂರ ಪಕ್ಷದಿಂದ ಸೊಲ್ಲಾಪುರದಲ್ಲಿ ಗೆದ್ದು ಮುಂಬಯಿ ವಿಧಾನಸಭೆಗೆ ಹೋದವರು ಅದೇ ವಸತಿಗೃಹದ ಜೀವಪ್ಪ ಐದಾಳೆ. 1938ರ ಜನವರಿಯಲ್ಲಿ ಸೊಲ್ಲಾಪುರ ನಗರಸಭೆ ಅಂಬೇಡ್ಕರ್ ಅವರಿಗೆ ಮಾನಪತ್ರ ಅರ್ಪಿಸಿತು. ಎಷ್ಟೋ ವರ್ಷ ಹಿಂದೆ ದಲಿತರ ಕೆಲಸಕ್ಕೆ ಬೆನ್ನಿಗೆ ನಿಂತ ಸೊಲ್ಲಾಪುರದ ಡಾ. ಮುಳೆ ಅವರನ್ನು ಅವರು ಆಗ ಕೃತಜ್ಞತೆಯಿಂದ ನೆನೆದರು.

1943ರ ಜನವರಿಯಲ್ಲಿ ಪುಣೆಯಲ್ಲಿ ರಾನಡೆ ಅವರ 101ನೇ ಜನ್ಮದಿನದ ಭಾಷಣ ಮಾಡಿದರು. ಗಾಂಧಿ, ಜಿನ್ನಾ ಇಬ್ಬರನ್ನೂ ಟೀಕಿಸಿದ್ದಕ್ಕೆ ಕಾಂಗ್ರೆಸ್ ಪತ್ರಿಕೆಗಳು ಮುಗಿಬಿದ್ದವು. ಭಾಷಣವನ್ನು ಪುಸ್ತಕ ಮಾಡುವಾಗ ಮುನ್ನುಡಿಯಲ್ಲಿ ಅವರು ಪತ್ರಿಕೆಗಳ ಬಗ್ಗೆಯೇ ಬರೆದರು. ಹಿಂದೆ ಪತ್ರಿಕೋದ್ಯಮ ಒಂದು ವೃತ್ತಿಯಾಗಿತ್ತು, ಈಗ ಸಾಬೂನು ಮಾಡುವಂಥ ವ್ಯಾಪಾರವಾಗಿದೆ, ಸುದ್ದಿ ಕೊಡುವುದಕ್ಕಿಂತ ನಾಯಕನನ್ನು ದೇವರು ಮಾಡುವುದೇ ಅದರ ಕೆಲಸವಾಗಿದೆ ಎಂಬುದು ಭಾಷಣದಲ್ಲೇ ಅವರು ಮಾಡಿದ್ದ ದೂರು. 1945ರ ಇನ್ನೊಂದು ಪುಸ್ತಕದಲ್ಲಿ ಸುದ್ದಿಸಂಸ್ಥೆಯ ಸಿಬ್ಬಂದಿ ಯಾವ ಜಾತಿಯವರು, ಹೊರದೇಶಕ್ಕೆ ಹೋಗುವ ಸುದ್ದಿ ಯಾರ ಪರ ಇರುತ್ತದೆ ಎಂಬುದನ್ನೂ ಎತ್ತಿದರು. ಮಾತು ಖಾರವಾಗಿತ್ತು. ಪತ್ರಿಕೆಯವರನ್ನೆಲ್ಲ ಒಂದೇ ಕೋಲಿನಿಂದ ಹೊಡೆದರು ಎಂದು ಹೇಳಲಿಕ್ಕೂ ಬರುತ್ತದೆ.

ಸಂವಿಧಾನ ನಕಲೇ?

ಇಷ್ಟೆಲ್ಲ ಜಗಳವಿದ್ದರೂ 1947ರ ಆಗಸ್ಟ್ 29ರಂದು ಸಂವಿಧಾನದ ಕರಡು ಸಮಿತಿ ನೇಮಕವಾದಾಗ ಅದಕ್ಕೆ ಅಧ್ಯಕ್ಷರಾದವರು ಇದೇ ಅಂಬೇಡ್ಕರ್. ಏಳು ಜನರ ಸಮಿತಿ. ಸಮಿತಿಗೆ ಮೊದಲು ಒಂದು ಕರಡು ತಯಾರು ಮಾಡಿಕೊಟ್ಟವರು ಸಂವಿಧಾನ ಸಭೆಯ ಸಲಹೆಗಾರ ಬೆನಗಲ್ ನರಸಿಂಗರಾವ್. ಇವರು ಮಂಗಳೂರು ಕಡೆಯವರು, ಐ.ಸಿ.ಎಸ್. ಅಧಿಕಾರಿ. ಅಮೆರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡ್ ಸುತ್ತಿ ಅಲ್ಲಿನ ಕಾನೂನು ಪಂಡಿತರ ಜೊತೆ ಚರ್ಚಿಸಿ ಬಂದರು. ಸಮಿತಿಯಲ್ಲಿ ಹಿಂದೆ ಮೈಸೂರಿನ ದಿವಾನರಾಗಿದ್ದ ಎನ್. ಮಾಧವರಾವ್ ಅವರೂ ಸೇರಿಕೊಂಡರು. ಕನ್ನಡ ನಾಡಿನವರ ಕೈ ಇದರಲ್ಲಿ ಕಡಿಮೆಯೇನೂ ಇಲ್ಲ.

ಸಮಿತಿಯ ಕರಡು 1948ರ ಫೆಬ್ರುವರಿ 26ರಂದು ಪ್ರಕಟವಾಯಿತು. ಆ ದಿನ ಅಕ್ಕಲಕೋಟ ಇನ್ನೂ ರಾಜರ ಸಂಸ್ಥಾನ. ಮರು ತಿಂಗಳು, ಮಾರ್ಚ್‌ನಲ್ಲಿ, ಅದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ರಾಜರ ಪ್ರಜೆಗಳಾಗಿದ್ದವರು ಮತದಾರರಾಗುವ ಕಾಗದ ಹೀಗೆ ಅವರ ಊರಿಗಿಂತ ಸ್ವಲ್ಪ ಮುಂಚೆಯೇ ತಯಾರಾಗಿತ್ತು.

ಕರಡು ಓದಿದವರ ಮೊದಲ ಆಕ್ಷೇಪ, ಇದು ನಕಲು ಎಂಬುದು. ಬ್ರಿಟಿಷರು ಮಾಡಿದ 1935ರ ಭಾರತ ಸರಕಾರ ಕಾಯಿದೆಯನ್ನೇ ಎತ್ತಿ ಇಟ್ಟಿದ್ದಾರೆ, ಉಳಿದದ್ದನ್ನು ಬೇರೆ ದೇಶಗಳಿಂದ ಹೆಕ್ಕಿದ್ದಾರೆ ಎಂದು ಸಭೆಯಲ್ಲೂ ಹೊರಗೂ ಮಾತು ಕೇಳಿಬಂತು. ಮೌಲಾನಾ ಹಸರತ್ ಮೊಹಾನಿ ಇದನ್ನು ಎತ್ತಿದರು. ಒರಿಸ್ಸಾದ ಲೋಕನಾಥ ಮಿಶ್ರಾ ಇದನ್ನು ಪಶ್ಚಿಮದ ಗುಲಾಮಗಿರಿಯ ಅನುಕರಣೆ ಎಂದರು. ಮೈಸೂರಿನ ಕೆ. ಹನುಮಂತಯ್ಯನವರು 1949ರ ನವೆಂಬರ್‌ನಲ್ಲಿ ಹೇಳಿದ ಮಾತು ಕನ್ನಡಿಗರಿಗೆ ನೆನಪಿರಬಹುದು: ತಮಗೆ ಬೇಕಾಗಿದ್ದದ್ದು ವೀಣೆಯ ಸಂಗೀತ, ಕೇಳುತ್ತಿರುವುದು ಇಂಗ್ಲಿಷ್ ಬ್ಯಾಂಡು ಎಂಬ ಅರ್ಥದ ಮಾತದು. ಹನುಮಂತಯ್ಯನವರು ಮುಂದೆ ಮುಖ್ಯಮಂತ್ರಿಯಾಗಿ ಬೆಂಗಳೂರಿನಲ್ಲಿ ವಿಧಾನಸೌಧ ಕಟ್ಟಿಸಿದರು. ಕಟ್ಟಡದಲ್ಲಾದರೂ ಅವರು ತಮಗೆ ಬೇಕಾದ ರಾಗ ಹಿಡಿದರು.

ಅಂಬೇಡ್ಕರ್ ಇದಕ್ಕೆ 1948ರ ನವೆಂಬರ್ 4ರಂದೇ, ಕರಡನ್ನು ಸಭೆಯ ಮುಂದೆ ಇಡುವಾಗಲೇ, ಉತ್ತರ ಕೊಟ್ಟಿದ್ದರು. ಉತ್ತರದ ರೀತಿ ಗಮನಿಸುವಂಥದ್ದು. ಆರೋಪ ಬಂದಾಗ ರಾಜಕಾರಣಿಗಳು ಇಲ್ಲವೇ ಇಲ್ಲ ಎನ್ನುತ್ತಾರೆ. ಇವರು ಹೌದು ಎಂದರು. 1935ರ ಕಾಯಿದೆಯ ದೊಡ್ಡ ಭಾಗ ತೆಗೆದುಕೊಂಡಿದ್ದೇವೆ, ಅದಕ್ಕೆ ಕ್ಷಮೆ ಕೇಳುವುದಿಲ್ಲ. ಸಂವಿಧಾನದ ಮೂಲ ವಿಚಾರಗಳ ಮೇಲೆ ಯಾರದೂ ಪೇಟೆಂಟು ಹಕ್ಕಿಲ್ಲ, ಆದ್ದರಿಂದ ಎರವಲು ತರುವುದು ಕೃತಿಚೌರ್ಯ ಆಗುವುದಿಲ್ಲ ಎಂಬುದು ಅವರ ನಿಲುವು. ಜಗತ್ತಿನಲ್ಲಿ ಲಿಖಿತ ಸಂವಿಧಾನ ಬಂದು ನೂರು ವರ್ಷದ ಮೇಲಾಗಿದೆ, ಇಷ್ಟು ತಡವಾಗಿ ಬರೆಯುವವರು ಹೊಸದು ಎಂದು ಮಾಡಬಹುದಾದದ್ದು ಹಳೆಯದರ ದೋಷ ತೆಗೆಯುವುದು, ನಮ್ಮ ದೇಶದ ಅಗತ್ಯಕ್ಕೆ ಹೊಂದಿಸುವುದು ಇಷ್ಟೇ ಎಂದೂ ವಿವರಿಸಿದರು.

ತಮಗೆ ಬೇಸರ ಇರುವುದು ಬೇರೆ ವಿಷಯಕ್ಕೆ ಎಂದೂ ಹೇಳಿದರು. ಬ್ರಿಟಿಷ್ ಕಾಯಿದೆಯಿಂದ ಬಂದದ್ದು ಹೆಚ್ಚಾಗಿ ಆಡಳಿತದ ವಿವರ. ಆಡಳಿತದ ವಿವರ ಸಂವಿಧಾನದಲ್ಲಿ ಇರಬಾರದು ಎಂಬುದು ಅವರಿಗೂ ಒಪ್ಪಿಗೆ. ಆದರೆ ಸಂವಿಧಾನದ ಅಕ್ಷರ ಮುಟ್ಟದೆ ಬರೇ ಆಡಳಿತದ ರೀತಿ ಬದಲಿಸಿ ಅದನ್ನು ಹಾಳು ಮಾಡಲು ಬರುತ್ತದೆ, ಪ್ರಜಾಪ್ರಭುತ್ವ ಈ ನೆಲದಲ್ಲಿ ಮೇಲೆ ಹರಡಿದ ಮಣ್ಣಿನಂತೆ ತೆಳ್ಳಗಿದೆ, ಅದಕ್ಕಾಗಿ ವಿವರ ಬರೆದಿಟ್ಟಿದ್ದೇವೆ ಎಂದರು. ಈ ಮಾತಿನ ತೂಕ ಬಹಳ ವರ್ಷದ ಮೇಲೆ ಗೊತ್ತಾಯಿತು.

ಆರೋಪದಲ್ಲಿ ಎಷ್ಟು ನಿಜ?

ನಕಲು ಎಂಬ ಮಾತನ್ನು ತೂಗಿ ನೋಡಬೇಕಾದರೆ ಎರಡೂ ಪುಸ್ತಕ ಪಕ್ಕದಲ್ಲಿ ಇಡಬೇಕು. 1935ರ ಕಾಯಿದೆಯಲ್ಲಿ 321 ಕಲಂ, 10 ಅನುಸೂಚಿ ಇದ್ದವು. 1949ರಲ್ಲಿ ಒಪ್ಪಿದ ಸಂವಿಧಾನದಲ್ಲಿ 395 ವಿಧಿ, 8 ಅನುಸೂಚಿ. ಕೇಂದ್ರದ ಪಟ್ಟಿ, ರಾಜ್ಯದ ಪಟ್ಟಿ, ಎರಡಕ್ಕೂ ಸೇರಿದ ಪಟ್ಟಿ ಎಂಬ ಅಧಿಕಾರದ ಹಂಚಿಕೆ ಹಳೆಯ ಕಾಯಿದೆಯಲ್ಲೂ ಇತ್ತು. ರಾಜ್ಯಪಾಲರ ಹುದ್ದೆಯ ಬೇರು ಅಲ್ಲಿದೆ. ರಾಷ್ಟ್ರಪತಿ ಆಳ್ವಿಕೆ ಹೇರುವ 356ನೇ ವಿಧಿಗೆ ಹಳೆಯ 93ನೇ ಕಲಂ ಅಜ್ಜ ಇದ್ದಂತೆ.

ಈ 356ನ್ನು ಬಳಸುವ ಪ್ರಸಂಗವೇ ಬರದೆ ಅದು ಸತ್ತ ಅಕ್ಷರವಾಗಿ ಉಳಿಯಲಿ ಎಂದು ಅಂಬೇಡ್ಕರ್ ಆಶಿಸಿದ್ದರು. ಹಾಗೆ ಆಗಲಿಲ್ಲ. 1989ರ ಏಪ್ರಿಲ್‌ನಲ್ಲಿ ಕರ್ನಾಟಕದ ಎಸ್.ಆರ್. ಬೊಮ್ಮಾಯಿ ಸರಕಾರವನ್ನು ಇದೇ ವಿಧಿಯಡಿ ವಜಾ ಮಾಡಲಾಯಿತು. ಬಹುಮತ ಇದೆಯೋ ಇಲ್ಲವೋ ಎಂಬುದು ಸದನದಲ್ಲೇ ತೀರ್ಮಾನ ಆಗಬೇಕು ಎಂದು ಸುಪ್ರೀಂ ಕೋರ್ಟು 1994ರಲ್ಲಿ ತೀರ್ಪು ಕೊಡುವ ತನಕ ಆ ಬ್ರಿಟಿಷ್ ಕಲಂ ಬಹಳ ಸರಕಾರಗಳನ್ನು ನುಂಗಿತ್ತು. ಅಂದರೆ ಆರೋಪ ಮಾಡಿದವರು ಪೂರಾ ಸುಳ್ಳು ಹೇಳಿದವರಲ್ಲ.

ಆದರೆ ಅವರು ಹೇಳದೆ ಬಿಟ್ಟದ್ದೂ ಬಹಳ. 1935ರ ಕಾಯಿದೆಯಲ್ಲಿ ಮೂಲಭೂತ ಹಕ್ಕು ಎಂಬ ಭಾಗವೇ ಇರಲಿಲ್ಲ. ಅಸ್ಪೃಶ್ಯತೆಯನ್ನು ಅಳಿಸುವ 17ನೇ ವಿಧಿ ಯಾವ ದೇಶದಿಂದಲೂ ತಂದದ್ದಲ್ಲ, ತರಲು ಅಲ್ಲಿ ಇರಲೂ ಇಲ್ಲ. ಹಳೆಯ ಕಾಯಿದೆಯಲ್ಲಿ ಆಸ್ತಿ, ತೆರಿಗೆ, ಓದು ನೋಡಿ ಮತ ಕೊಡುತ್ತಿದ್ದರು. ಹೊಸದರಲ್ಲಿ ವಯಸ್ಸಿಗೆ ಬಂದ ಹೆಣ್ಣು ಗಂಡು ಎಲ್ಲರಿಗೂ ಒಂದೊಂದು ಮತ. 1951-52ರ ಮೊದಲ ಚುನಾವಣೆಯ ಪಟ್ಟಿಯಲ್ಲಿ 17 ಕೋಟಿಗೂ ಹೆಚ್ಚು ಮತದಾರರಿದ್ದರು. ನಿರ್ದೇಶಕ ತತ್ವಗಳ ಕಲ್ಪನೆ ಐರ್ಲೆಂಡಿನದು, ಬಲವಾದ ಕೇಂದ್ರದ ಒಕ್ಕೂಟ ಕೆನಡಾ ಕಡೆಯದು. ಇದನ್ನು ಯಾರೂ ಮುಚ್ಚಿಟ್ಟಿರಲಿಲ್ಲ.

ಹಳ್ಳಿಯವರಿಗೆ ಸಂಬಂಧಿಸಿದ ಒಂದು ಜಗಳವೂ ಇದೇ ಸಂದರ್ಭದಲ್ಲಿ ನಡೆಯಿತು. ವಿದೇಶದ್ದು ಬಿಟ್ಟು ನಮ್ಮ ಗ್ರಾಮ ಪಂಚಾಯತಿಯ ಮೇಲೆ ರಾಜ್ಯ ಕಟ್ಟಬೇಕಿತ್ತು ಎಂಬುದು ಗಾಂಧಿವಾದಿಗಳ ವಾದ. ಅಂಬೇಡ್ಕರ್ ಇದನ್ನು ಕಟುವಾಗಿ ತಳ್ಳಿಹಾಕಿದರು. ಹಳ್ಳಿ ಎಂದರೆ ಸಂಕುಚಿತತೆ, ಅಜ್ಞಾನ, ಜಾತಿಯ ಕೂಪ ಎಂಬ ಅಭಿಪ್ರಾಯ ಅವರದು. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತರು ಇದು ಪೇಟೆಯ ಬುದ್ಧಿವಂತರ ಧಿಮಾಕು ಎಂದು ತಿರುಗಿಬಿದ್ದರು. ಗೋಣಿತಟ್ಟಿನ ಮೇಲೆ ಕುಳಿತವರಿಗೆ ಹಳ್ಳಿ ಕಂಡ ರೀತಿ ಬೇರೆ, ಉಳಿದವರಿಗೆ ಕಂಡ ರೀತಿ ಬೇರೆ. ಆದರೂ ಅದೇ ತಿಂಗಳು ಕೆ. ಸಂತಾನಂ ಅವರು ಪಂಚಾಯತಿಗಳ ಪರವಾಗಿ ತಿದ್ದುಪಡಿ ತಂದಾಗ ಅಂಬೇಡ್ಕರ್ ತಕರಾರಿಲ್ಲದೆ ಒಪ್ಪಿಕೊಂಡರು. ಈಗಿನ 40ನೇ ವಿಧಿ ಅದೇ. ಅವರ ಟೀಕೆ ಎಲ್ಲರ ಬಾಯಲ್ಲಿದೆ, ಒಪ್ಪಿಕೊಂಡದ್ದು ಯಾರ ಬಾಯಲ್ಲೂ ಇಲ್ಲ.

ತಡವಾಯಿತು ಎಂಬ ಗದ್ದಲವೂ ಇತ್ತು. ಸದಸ್ಯ ನಜೀರುದ್ದೀನ್ ಅಹಮದ್ ಅವರು ಕರಡು ಸಮಿತಿಯನ್ನು ದಿಕ್ಕಿಲ್ಲದೆ ತೇಲುವ ಸಮಿತಿ ಎಂದು ಗೇಲಿ ಮಾಡಿದರು. 1949ರಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ಅವರು ಅಂಬೇಡ್ಕರ್ ಬಸವನಹುಳುವಿನ ಮೇಲೆ ಕುಳಿತಂತೆ, ನೆಹರೂ ಹಿಂದೆ ಚಾಟಿ ಹಿಡಿದಂತೆ ಚಿತ್ರ ಬರೆದರು. 2012ರಲ್ಲಿ ಶಾಲೆಯ ಪಠ್ಯಪುಸ್ತಕದಲ್ಲಿದ್ದ ಆ ಚಿತ್ರದ ಬಗ್ಗೆ ಲೋಕಸಭೆಯಲ್ಲಿ ಕೋಲಾಹಲವಾಯಿತು. ಚಿತ್ರ ನೋಡಿ ಸಿಟ್ಟಾದವರಲ್ಲಿ ಅದರ ಪಕ್ಕದ ಪಾಠ ಎಷ್ಟು ಜನ ಓದಿದ್ದರೋ.

1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರ್ ಲೆಕ್ಕ ಒಪ್ಪಿಸಿದರು. ಸಂವಿಧಾನ ಸಭೆಯ ಕೆಲಸಕ್ಕೆ ಹಿಡಿದದ್ದು 2 ವರ್ಷ, 11 ತಿಂಗಳು, 17 ದಿನ. ಬಂದ ತಿದ್ದುಪಡಿ ಸೂಚನೆಗಳು 7,635, ಸಭೆಯಲ್ಲಿ ಮಂಡನೆಯಾದವು 2,473. ಆಸ್ಟ್ರೇಲಿಯಾಕ್ಕೆ ಒಂಬತ್ತು ವರ್ಷ ಹಿಡಿದಿತ್ತು. ಅದೇ ಭಾಷಣದಲ್ಲಿ, ತಮಗೆ ಸಿಗುತ್ತಿರುವ ಹೊಗಳಿಕೆ ಪೂರಾ ತಮಗೇ ಸೇರಿದ್ದಲ್ಲ, ಮೊದಲ ಕರಡು ಮಾಡಿಕೊಟ್ಟ ಬಿ.ಎನ್. ರಾವ್ ಅವರಿಗೂ, ಮುಖ್ಯ ಕರಡುಗಾರ ಎಸ್.ಎನ್. ಮುಖರ್ಜಿ ಅವರಿಗೂ ಸಲ್ಲುತ್ತದೆ ಎಂದು ಹೆಸರು ಹಿಡಿದು ಹೇಳಿದರು. ಇತ್ತ ಟಿ.ಟಿ. ಕೃಷ್ಣಮಾಚಾರಿಯವರು ಒಂದು ವರ್ಷ ಮೊದಲೇ ಸಭೆಗೆ ಇನ್ನೊಂದು ಲೆಕ್ಕ ಕೊಟ್ಟಿದ್ದರು: ಏಳು ಜನರಲ್ಲಿ ಒಬ್ಬರು ರಾಜೀನಾಮೆ ಕೊಟ್ಟರು, ಒಬ್ಬರು ತೀರಿಕೊಂಡರು, ಒಬ್ಬರು ಅಮೆರಿಕದಲ್ಲಿದ್ದರು, ಇನ್ನೊಬ್ಬರಿಗೆ ಬೇರೆ ರಾಜಕಾರ್ಯ, ಒಂದಿಬ್ಬರು ದೆಹಲಿಯಿಂದ ದೂರ, ಕೊನೆಗೆ ಭಾರವೆಲ್ಲ ಅಂಬೇಡ್ಕರ್ ಮೇಲೆ ಬಿತ್ತು.

ಮರುದಿನ, ನವೆಂಬರ್ 26ರಂದು, ಸಂವಿಧಾನ ಅಂಗೀಕಾರವಾಯಿತು. ನಾಲ್ಕು ದಿನ ಬಿಟ್ಟು ‘ಆರ್ಗನೈಸರ್’ ವಾರಪತ್ರಿಕೆಯ ಸಂಪಾದಕೀಯ, ಇದರಲ್ಲಿ ಪ್ರಾಚೀನ ಭಾರತದ್ದು ಏನೂ ಇಲ್ಲ, ಮನುವಿನ ಹೆಸರಿಲ್ಲ ಎಂದು ಕೊರಗಿತು. ಕಮ್ಯುನಿಸ್ಟರು, ಸಮಾಜವಾದಿಗಳು ಬೇರೆ ಕಾರಣಕ್ಕೆ ಬೈದರು. ಬಲದವರಿಗೆ ಮನು ಬೇಕಿತ್ತು, ಎಡದವರಿಗೆ ಕಾರ್ಮಿಕರ ರಾಜ್ಯ ಬೇಕಿತ್ತು, ಗಾಂಧಿವಾದಿಗಳಿಗೆ ಹಳ್ಳಿ ಬೇಕಿತ್ತು. ಅವರವರ ಪತ್ರಿಕೆ ಓದಿದವರಿಗೆ ಒಂದೊಂದೇ ದೋಷ ಕಂಡಿತು.

ರಾಜೀನಾಮೆ ಮತ್ತು ಖಾಲಿ ಜಾಗ

ಹಿಂದೂ ಕೋಡ್ ಬಿಲ್ಲು ಮುಂದೆ ಸಾಗದೆ ನಿಂತಾಗ 1951ರಲ್ಲಿ ಅವರು ಕೇಂದ್ರ ಸಂಪುಟಕ್ಕೆ ರಾಜೀನಾಮೆ ಕೊಟ್ಟರು. ಅಕ್ಟೋಬರ್ 10ರಂದು ಲೋಕಸಭೆ ಇನ್ನೂ ಹುಟ್ಟಿರದ ಆ ಸಂಸತ್ತಿನಲ್ಲಿ ಹೇಳಿಕೆ ಓದಲು ಬಂದರು. ಹೇಳಿಕೆಯ ಪ್ರತಿ ಮೊದಲೇ ಕೊಡಬೇಕು ಎಂಬ ತಕರಾರು ಎದ್ದಿತು. ಓದದೆ ಹೊರಗೆ ನಡೆದು ಬಂದು ಪ್ರತಿಯನ್ನು ಪತ್ರಕರ್ತರ ಕೈಗೆ ಇಟ್ಟರು.

ಅಷ್ಟು ಹಟ ಏಕೆ ಎಂಬುದು ಆ ಹೇಳಿಕೆಯಲ್ಲೇ ಇದೆ. ಮಂತ್ರಿ ಸುಮ್ಮನೆ ರಾಜೀನಾಮೆ ಕೊಟ್ಟು ಹೋದರೆ ಜನ ಅನುಮಾನ ಪಡುತ್ತಾರೆ. ನಮ್ಮ ಪತ್ರಿಕೆಗಳಿಗೆ ಕೆಲವರ ಮೇಲೆ ಹಳೆಯ ಮಮತೆ, ಕೆಲವರ ಮೇಲೆ ಹಳೆಯ ದ್ವೇಷ. ಎಲ್ಲಿ ಜಾಗ ಖಾಲಿ ಕಂಡರೂ ತಮಗೆ ಬೇಕಾದವರು ಒಳ್ಳೆಯವರಾಗಿ, ಬೇಡಾದವರು ಕೆಟ್ಟವರಾಗಿ ಕಾಣುವಂಥ ಕಾರಣ ತುಂಬಿಸಿಬಿಡುತ್ತವೆ ಎಂದು ಅವರು ಬರೆದಿದ್ದರು. ‘ಮೂಕನಾಯಕ’ದ ಜಾಹೀರಾತು ಮರಳಿ ಬಂದು ಆಗ 31 ವರ್ಷ ಆಗಿತ್ತು. ಸಂವಿಧಾನ ಬರೆದ ಸಮಿತಿಯ ಅಧ್ಯಕ್ಷರಿಗೂ ತಮ್ಮ ಮಾತು ತಮ್ಮ ಹಾಗೆಯೇ ಛಾಪಾಗುತ್ತದೆ ಎಂಬ ಭರವಸೆ ಇರಲಿಲ್ಲ.

1952ರಲ್ಲಿ ಉತ್ತರ ಮುಂಬಯಿಯಿಂದ ಲೋಕಸಭೆಗೆ ನಿಂತು ಸೋತರು. ರಾಜ್ಯಸಭೆಗೆ ಹೋದರು. 1953ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಸಿಟ್ಟಿನ ಭರದಲ್ಲಿ, ತಾವು ಹೇಳಿದ್ದನ್ನು ಬರೆದ ಬಾಡಿಗೆಯವ ಮಾತ್ರ, ಈ ಸಂವಿಧಾನವನ್ನು ಸುಡುವವರಲ್ಲಿ ತಾವೇ ಮೊದಲಿಗರು ಎಂಬರ್ಥದಲ್ಲಿ ಮಾತನಾಡಿದರು. ವಿರೋಧಿಗಳಿಗೆ ಇದಕ್ಕಿಂತ ಹೆಚ್ಚು ಏನು ಬೇಕು? ನಕಲು ಎಂದವರಿಗೆ ಇದೇ ಒಪ್ಪಿಗೆಯ ಪತ್ರ. 1955ರ ಮಾರ್ಚ್‌ನಲ್ಲಿ ಅದೇ ಸದನದಲ್ಲಿ ಒಬ್ಬ ಸದಸ್ಯರು ಕೇಳಿದಾಗ ಅವರು ವಿವರಿಸಿದರು: ದೇವರಿಗೆಂದು ಗುಡಿ ಕಟ್ಟಿದೆವು, ದೇವರು ಬಂದು ಕೂಡುವ ಮೊದಲೇ ದೆವ್ವಗಳು ಹೊಕ್ಕವು, ಇನ್ನು ಗುಡಿ ಕೆಡಹದೆ ಏನು ಮಾಡುವುದು ಎಂಬುದು ಅದರ ಸಾರ. ಸುಡುವ ಮಾತು ಈಗಲೂ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತದೆ. ಗುಡಿಯ ಮಾತು ಅದರ ಹಿಂದೆ ಹೋಗುವುದು ಅಪರೂಪ.

ಗಡಿ ಭಾಗದವರಿಗೆ ಹತ್ತಿರದ್ದು 1955ರ ಅವರ ಇನ್ನೊಂದು ಪುಸ್ತಕ, ಭಾಷಾವಾರು ರಾಜ್ಯಗಳ ಕುರಿತದ್ದು. ಒಂದು ರಾಜ್ಯಕ್ಕೆ ಒಂದೇ ಭಾಷೆ ಇರಲಿ, ಆದರೆ ಒಂದು ಭಾಷೆಯವರೆಲ್ಲ ಒಂದೇ ರಾಜ್ಯದಲ್ಲಿ ಇರಬೇಕೆಂದಿಲ್ಲ ಎಂದು ಹೇಳಿ ಮರಾಠಿ ನಾಡನ್ನೇ ನಾಲ್ಕು ರಾಜ್ಯ ಮಾಡುವ ಯೋಜನೆ ಅದರಲ್ಲಿ ಕೊಟ್ಟರು. 1948ರಲ್ಲಿ ಅವರೇ ಏಕ ಮಹಾರಾಷ್ಟ್ರದ ಪರ ಮನವಿ ಬರೆದಿದ್ದವರು. ಅಭಿಪ್ರಾಯ ಬದಲಾದದ್ದನ್ನು ಅವರು ಅಡಗಿಸಲಿಲ್ಲ. ಮುಂದಿನ ವರ್ಷ ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಸೊಲ್ಲಾಪುರ, ಅಕ್ಕಲಕೋಟ ಮುಂಬಯಿ ರಾಜ್ಯದಲ್ಲೇ ಉಳಿದವು, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿದವು. ಗಡಿಯ ವಾದ ಎದ್ದಾಗ ಆ ಪುಸ್ತಕದಿಂದ ಈ ಕಡೆಯವರು ಒಂದು ಸಾಲು, ಆ ಕಡೆಯವರು ಒಂದು ಸಾಲು ಹಿಡಿದುಕೊಳ್ಳಲು ಅಡ್ಡಿಯಿಲ್ಲ. ಎರಡೂ ಭಾಷೆಯ ಪೇಪರು ಓದಬಲ್ಲ ಅಕ್ಕಲಕೋಟದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1956ರ ಫೆಬ್ರುವರಿಯಲ್ಲಿ ‘ಜನತಾ’ ಪತ್ರಿಕೆ ‘ಪ್ರಬುದ್ಧ ಭಾರತ’ ಎಂದು ಹೆಸರು ಬದಲಿಸಿತು. ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ಧರ್ಮ ಸ್ವೀಕಾರ. ಡಿಸೆಂಬರ್ 6ರಂದು ದೆಹಲಿಯಲ್ಲಿ ನಿಧನ.

ಸಂವಿಧಾನ ಬರೆದವರು ಯಾರು ಎಂಬ ವಾದ ಅಲ್ಲಿಗೆ ಮುಗಿಯಲಿಲ್ಲ. 1997ರಲ್ಲಿ ಪತ್ರಕರ್ತ ಅರುಣ್ ಶೌರಿ ಅವರು ದೊಡ್ಡ ಪುಸ್ತಕ ಬರೆದು, ಅಂಬೇಡ್ಕರ್ ಸಂವಿಧಾನದ ಕರ್ತೃ ಎಂಬುದೇ ಕಟ್ಟುಕಥೆ ಎಂದು ವಾದಿಸಿದರು. ಆಗಲೂ ಪರ ವಿರೋಧ ಎರಡೂ ಜೋರಾಗಿ ನಡೆಯಿತು. ಇಂದಿಗೂ ಅವರ ಎದುರಿಗೆ ನಿಲ್ಲಿಸುವುದು ಬಿ.ಎನ್. ರಾವ್ ಅವರ ಹೆಸರನ್ನೇ. ರಾವ್ ಅವರು 1953ರಲ್ಲಿ ತೀರಿಕೊಂಡರು, ಸಂವಿಧಾನ ತಮ್ಮಿಂದ ಕದ್ದದ್ದು ಎಂದು ಅವರು ಎಂದೂ ಹೇಳಿದವರಲ್ಲ.

ರಾವ್ ಅವರ ತಮ್ಮ ಬಿ. ಶಿವರಾವ್ ಪತ್ರಕರ್ತರು, ಸಂವಿಧಾನ ಸಭೆಯ ಸದಸ್ಯರೂ ಆಗಿದ್ದರು. 1966ರಿಂದ 1968ರ ಒಳಗೆ ಅವರು ಸಂವಿಧಾನ ರಚನೆಯ ಕಾಗದಪತ್ರಗಳನ್ನು ಸಂಪುಟಗಳಲ್ಲಿ ಸಂಪಾದಿಸಿ ಪ್ರಕಟಿಸಿದರು. 243 ವಿಧಿಗಳ ಅಣ್ಣನ ಕರಡನ್ನೂ, 315 ವಿಧಿಗಳ ಅಂಬೇಡ್ಕರ್ ಸಮಿತಿಯ ಕರಡನ್ನೂ, ಎರಡನ್ನೂ ಪೂರ್ತಿಯಾಗಿ ಅದರಲ್ಲಿ ಛಾಪಿಸಿದರು.